ಮೂಗು ಸಡಿಲಾದರೆ ಮಾರಿ ಸಡಿಲು

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ನರಗುಂದ ದಾಟಿದ ಮೇಲೆ ಕುಳಗೇರಿ ಕ್ರಾಸ್ ಬರುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ಬಲಕ್ಕೆ ಹೊರಳಬೇಕು. ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದವರಿಗೂ ಕ್ರಾಸ್ ಬಂತೆಂದು ಗೊತ್ತಾಗುತ್ತದೆ. ಕಾದ ಎಣ್ಣೆಗೆ ಬಿದ್ದ ಮೆಣಸಿನಕಾಯಿ ಭಜಿ, ಕುದ್ದು ಕುದ್ದು ಗಟ್ಟಿಯಾದ ಚಹಾ, ಡೀಸೆಲ್ ಹೊಗೆ, ಲಾರಿ ಎಬ್ಬಿಸಿದ ಧೂಳು ಎಲ್ಲ ಒಟ್ಟಿಗೇ ಕಿಟಕಿಯೊಳಗೆ ಬರುತ್ತವೆ. ಹಿಂಗಾರಿ ದಿನಗಳಾದರೆ ಕಡಲೆ ಹೊಲದ ಹುಳಿ ಗಾಳಿ, ಎಲ್ಲೋ ಸೀತನಿಗೆಂದು ಹಸಿ ಜೋಳದ ತೆನೆ ಸುಡುವ ಹೊಗೆ. ಇದನ್ನು ಅರಿಯಲು ಯಾರೂ ಮೂಗು ಅರಳಿಸಿ, ಎದೆ ಉಬ್ಬಿಸಿ ಗಾಳಿ ಎಳೆದುಕೊಳ್ಳುವುದಿಲ್ಲ. ಸುಮ್ಮನೆ ಕುಳಿತವನ ಬಳಿಗೆ ವಾಸನೆ ತಾನೇ ಬರುತ್ತದೆ.

ಅದೇ ಮನುಷ್ಯ ಬೆಳಗಿನ ಯೋಗ ತರಗತಿಯಲ್ಲಿ ಕುಳಿತಾಗ ನೋಡಿ. "ಉಸುರು ತಗೋರಿ, ಇನ್ನೂ ತಗೋರಿ" ಎಂದು ಹೇಳಿದ್ದೇ ತಡ, ಮೂಗಿನ ಹೊಳ್ಳೆಗಳು ಒಳಕ್ಕೆ ಅಂಟಿಕೊಳ್ಳುತ್ತವೆ. ಹುಬ್ಬುಗಳ ನಡುವೆ ಗಂಟು ಬೀಳುತ್ತದೆ, ದವಡೆ ಕಚ್ಚುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ. ಸೊಂಯ್ ಎಂಬ ಸದ್ದು ಪಕ್ಕದವನಿಗೆ ಕೇಳಿಸುತ್ತದೆ. ಕಾಲು ಪದ್ಮಾಸನದಲ್ಲಿ, ಬೆನ್ನು ನೆಟ್ಟಗೆ, ಕೈಬೆರಳು ಚಿನ್ಮುದ್ರೆಯಲ್ಲಿ ಇರುತ್ತವೆ. ಮುಖ ಮಾತ್ರ ಮೂಟೆ ಹೊತ್ತವನ ಮುಖ. ನಮ್ಮ ಯೋಗಾಭ್ಯಾಸದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಪಡೆದಿರುವ ಭಾಗ ಇದೇ. ಮುಖ ಸಡಿಲಾಗದೆ ಉಸಿರು ಸಡಿಲಾಗದು, ಮುಖವನ್ನು ಸಡಿಲಿಸುವ ಕೆಲಸ ಮೂಗಿನಿಂದಲೇ ಶುರುವಾಗಬೇಕು ಎಂಬುದನ್ನು ಈ ಬರಹದಲ್ಲಿ ಹೇಳಬೇಕಾಗಿದೆ.

ಮೂಗಿನ ಒಳಗಿನ ಕಟ್ಟಡವನ್ನು ತಿಳಿದರೆ ಕಾರಣ ಅರ್ಥವಾಗುತ್ತದೆ. ಹೊಳ್ಳೆಯಿಂದ ಸ್ವಲ್ಪ ಒಳಗೆ ಒಂದು ಇಕ್ಕಟ್ಟಾದ ಜಾಗವಿದೆ. ಉಸಿರಿನ ಇಡೀ ದಾರಿಯಲ್ಲಿ ಗಾಳಿಗೆ ಹೆಚ್ಚು ತಡೆ ಸಿಗುವುದು ಅಲ್ಲಿಯೇ. ಅದರ ಹೊರಗೋಡೆ ಮೃದ್ವಸ್ಥಿಯದು, ಬಾಗುವಂಥದ್ದು. ಜೋರಾಗಿ ಎಳೆದಷ್ಟೂ ಆ ಗೋಡೆ ಒಳಕ್ಕೆ ಕುಸಿದು ದಾರಿ ಇನ್ನಷ್ಟು ಸಣ್ಣದಾಗುತ್ತದೆ. ಕನ್ನಡಿಯ ಮುಂದೆ ನಿಂತು ಒಮ್ಮೆ ರಭಸದಿಂದ, ಒಮ್ಮೆ ನಿಧಾನವಾಗಿ ಉಸಿರೆಳೆದರೆ ಇದು ಕಣ್ಣಿಗೇ ಕಾಣುತ್ತದೆ. ಹೆಚ್ಚು ಗಾಳಿ ಬೇಕೆಂದು ಎಳೆದವನಿಗೆ ಎಳೆತವೇ ಅಡ್ಡಿಯಾಗುತ್ತದೆ.

ವಾಸನೆ ಅರಿಯುವ ಪೊರೆ ಇದಕ್ಕಿಂತ ಬಹಳ ಮೇಲೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಮೂಗಿನ ಗೂಡಿನ ಛಾವಣಿಯಲ್ಲಿ ಇದೆ. ಕೆಲವೇ ಚದರ ಸೆಂಟಿಮೀಟರಿನ ಜಾಗ. ಅಲ್ಲಿನ ನರಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಗ್ರಾಹಕಗಳ ವಂಶವಾಹಿ ಕುಟುಂಬವನ್ನು 1991ರಲ್ಲಿ ಗುರುತಿಸಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಕಣ್ಣು, ಕಿವಿ, ಚರ್ಮದ ಸುದ್ದಿಗಳು ಮಿದುಳಿನ ನಡುವಿನ ಥಲಾಮಸ್ ಎಂಬ ನಿಲ್ದಾಣದಲ್ಲಿ ಇಳಿದು ಮುಂದೆ ಹೋಗುತ್ತವೆ. ವಾಸನೆಯ ಸುದ್ದಿ ಹಾಗಲ್ಲ, ಅಲ್ಲಿ ನಿಲ್ಲದೆ ಭಯ, ಪ್ರೀತಿ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ನೇರವಾಗಿ ತಲುಪುತ್ತದೆ. ಬೆಲ್ಲ ಕಾಯುವ ವಾಸನೆಗೆ ಅಮ್ಮನೋ ಅಜ್ಜಿಯೋ ಥಟ್ಟನೆ ಎದುರಿಗೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಅಮೀನಗಡದ ಕರದಂಟಿನ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂಗಿಗೆ ಇನ್ನೊಂದು ಅರಿವೂ ಇದೆ. ಒಳಬರುವ ಗಾಳಿಯ ತಂಪು, ಹೊರಹೋಗುವ ಗಾಳಿಯ ಬಿಸುಪು, ಹೊಳ್ಳೆಯ ಅಂಚಿಗೆ ತಾಗುವ ಉಸಿರಿನ ಸ್ಪರ್ಶ. ಇವು ವಾಸನೆಯ ನರದಲ್ಲಿ ಸಾಗುವುದಿಲ್ಲ. ಮುಖದ ಚರ್ಮವನ್ನು, ಹಲ್ಲುಗಳನ್ನು ನೋಡಿಕೊಳ್ಳುವ ಐದನೆಯ ಕಪಾಲ ನರ ಇವನ್ನು ಒಯ್ಯುತ್ತದೆ. ದವಡೆ ಕಚ್ಚುವ ಸ್ನಾಯುಗಳನ್ನು ಆಳುವುದೂ ಅದೇ ನರ. ಮೆಂಥಾಲ್ ಮೂಸಿದಾಗ ಮೂಗು ಬಿಟ್ಟಂತೆ ಅನಿಸುತ್ತದಲ್ಲ, ಅಲ್ಲಿ ದಾರಿಯೇನೂ ಅಗಲವಾಗಿರುವುದಿಲ್ಲ. ತಂಪನ್ನು ಅರಿಯುವ ಈ ನರದ ತುದಿಗಳು ಎಚ್ಚೆತ್ತಿರುತ್ತವೆ, ಅಷ್ಟೆ. ಉಸಿರಿನ ಮೇಲೆ ಗಮನವಿಡಿ ಎಂದು ಯೋಗದಲ್ಲಿ ಹೇಳುವಾಗ ನಾವು ನಿಜವಾಗಿ ಗಮನಿಸುವುದು ಈ ತಂಪು ಬಿಸುಪನ್ನು.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಮೂಗಿನಿಂದ ಉಸಿರಾಡುವಾಗ ವಾಸನೆ, ನೆನಪು, ಭಾವನೆಗಳಿಗೆ ಸೇರಿದ ಮಿದುಳಿನ ಭಾಗಗಳ ವಿದ್ಯುತ್ ಅಲೆಗಳು ಉಸಿರಿನ ಲಯಕ್ಕೆ ಹೆಜ್ಜೆ ಹಾಕುವುದನ್ನು ಅವರು ಕಂಡರು. ಬಾಯಿಂದ ಉಸಿರಾಡಿದಾಗ ಆ ಹೊಂದಾಣಿಕೆ ಸಡಿಲಾಯಿತು. ಪ್ರಾಣಾಯಾಮ ಮಾಡುವವರೆಲ್ಲರ ಮನಸ್ಸು ಶಾಂತವಾಗುತ್ತದೆಂದು ಇದು ಸಾಧಿಸುವುದಿಲ್ಲ. ಮೂಗು ಬರೀ ಗಾಳಿಯ ಕೊಳವೆಯಲ್ಲ ಎಂಬುದನ್ನಂತೂ ತೋರಿಸುತ್ತದೆ.

ಇನ್ನು ಮುಖದ ಮಾತು. ಮೈಯ ಬೇರೆ ಕಡೆ ಹೆಚ್ಚಿನ ಸ್ನಾಯುಗಳು ಒಂದು ಎಲುಬಿನಿಂದ ಇನ್ನೊಂದು ಎಲುಬಿಗೆ ಹೋಗುತ್ತವೆ. ಮುಖದ ಭಾವ ತೋರುವ ಸ್ನಾಯುಗಳ ಒಂದು ತುದಿ ಚರ್ಮಕ್ಕೇ ಅಂಟಿರುತ್ತದೆ. ಹಾಗಾಗಿ ಒಳಗಿನ ಸಣ್ಣ ಬಿಗಿತವೂ ಹೊರಗೆ ಸುಕ್ಕಾಗಿ ಮೂಡುತ್ತದೆ. ಹೊಳ್ಳೆಯನ್ನು ಅರಳಿಸುವ, ಮೇಲ್ದುಟಿಯನ್ನು ಎತ್ತಿ ಮೂಗಿನ ಬದಿ ಮುದುರಿಸುವ, ಹುಬ್ಬನ್ನು ನಡುವಿಗೆ ಎಳೆಯುವ ಸ್ನಾಯುಗಳೆಲ್ಲ ಏಳನೆಯ ಕಪಾಲ ನರದ ಕೈಯಲ್ಲಿವೆ. ಕೆಟ್ಟ ವಾಸನೆ ಬಂದಾಗ ಮೂಗು ಮುದುಡುತ್ತದೆ, ಜೊತೆಗೆ ಕಣ್ಣು ಕಿರಿದಾಗುತ್ತದೆ, ಹುಬ್ಬು ಇಳಿಯುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನು ಅಳೆದು ನೋಡಿದರು. ಹೇಸಿಗೆಯ ಮುಖ ಮಾಡಿದಾಗ ಮೂಗಿನೊಳಗೆ ಹೋಗುವ ಗಾಳಿ ಕಡಿಮೆಯಾಯಿತು, ಭಯದ ಮುಖ ಮಾಡಿದಾಗ ಹೆಚ್ಚಾಯಿತು. ಅಂದರೆ ಮುಖಭಾವ ಉಸಿರಿನ ಬಾಗಿಲನ್ನು ತೆರೆಯುತ್ತದೆ, ಮುಚ್ಚುತ್ತದೆ. ಪ್ರಾಣಾಯಾಮಕ್ಕೆ ಕುಳಿತವನ ಮುಖ ಈ ಎರಡರಲ್ಲಿ ಯಾವುದೂ ಆಗಿರಬಾರದು.

ನಮ್ಮ ಭಾಗದ ಮುಖಗಳು ಬಿಗಿಯಲು ಕಾರಣ ಬೇಕಾದಷ್ಟಿವೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಎರಿ ಹೊಲದಲ್ಲಿ ದುಡಿಯುವವರ ಕಣ್ಣು ಸದಾ ಕಿರಿದಾಗಿರುತ್ತದೆ, ಸಂಜೆ ನೆರಳಿಗೆ ಬಂದ ಮೇಲೂ ಹುಬ್ಬಿನ ಗಂಟು ಬಿಚ್ಚುವುದಿಲ್ಲ. ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಂದಿರು ಹೊಗೆಯಿಂದ ಮೂಗನ್ನೂ ಕಣ್ಣನ್ನೂ ಕಾಪಾಡಿಕೊಳ್ಳಲು ಮುಖವನ್ನು ಮುದುಡಿಕೊಂಡೇ ಕೂರುತ್ತಾರೆ. ಇಳಕಲ್ಲಿನ ಕುಣಿ ಮಗ್ಗದಲ್ಲಿ ಕುಳಿತ ನೇಕಾರರು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೂಡಿಸುವಾಗ ಹಲ್ಲು ಕಚ್ಚಿರುವುದು ಅವರಿಗೇ ತಿಳಿದಿರುವುದಿಲ್ಲ. ಈಗ ಮೊಬೈಲು ಎಲ್ಲರ ಹುಬ್ಬನ್ನೂ ಸಮನಾಗಿ ಕೆಳಗೆಳೆದಿದೆ. ಇಂಥ ಮುಖ ಹೊತ್ತು ಬಂದವರಿಗೆ ಹತ್ತು ಸೂರ್ಯನಮಸ್ಕಾರ ಮಾಡಿಸಿ ಕಳಿಸಿದರೆ ಮೈ ಬೆವರುತ್ತದೆ, ಮುಖ ಬಂದ ಹಾಗೇ ಹೋಗುತ್ತದೆ.

ಹಳೆಯ ಯೋಗಶಾಸ್ತ್ರ ಮುಖ ಮತ್ತು ಗಂಧ ಎರಡನ್ನೂ ಬಹಳ ಗಂಭೀರವಾಗಿ ನೋಡಿದೆ. ಶ್ವೇತಾಶ್ವತರ ಉಪನಿಷತ್ತಿನ ಎರಡನೆಯ ಅಧ್ಯಾಯ ಯೋಗ ಫಲಿಸತೊಡಗಿದ್ದರ ಮೊದಲ ಗುರುತುಗಳನ್ನು ಹೇಳುವಾಗ ಮೈಯ ಹಗುರ, ಆರೋಗ್ಯ, ದನಿಯ ಇಂಪಿನ ಜೊತೆಗೆ ಮುಖವರ್ಣದ ತಿಳಿಯನ್ನೂ ಒಳ್ಳೆಯ ಗಂಧವನ್ನೂ ಸೇರಿಸುತ್ತದೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಮನಸ್ಸನ್ನು ನೆಲೆ ನಿಲ್ಲಿಸುವ ಹಲವು ದಾರಿಗಳಿವೆ. ಅವುಗಳಲ್ಲಿ ಒಂದು ಇಂದ್ರಿಯದ ಅರಿವನ್ನೇ ಹಿಡಿದು ಸಾಗುವ ದಾರಿ. ಅದಕ್ಕೆ ಭಾಷ್ಯ ಬರೆದ ವ್ಯಾಸರು ಮೂಗಿನ ತುದಿಯಲ್ಲಿ ಚಿತ್ತವಿಟ್ಟವನಿಗೆ ಸೂಕ್ಷ್ಮ ಗಂಧದ ಅರಿವು, ನಾಲಗೆಯ ತುದಿಯಲ್ಲಿ ಇಟ್ಟವನಿಗೆ ರಸದ ಅರಿವು ಮೂಡುತ್ತದೆಂದು ವಿವರಿಸುತ್ತಾರೆ. ಅಂಗುಳ, ನಾಲಗೆಯ ನಡುಭಾಗ, ನಾಲಗೆಯ ಬುಡಗಳಿಗೂ ಹೀಗೆಯೇ ಒಂದೊಂದು ಅರಿವು ಉಂಟು. ಗಮನಿಸಿ, ಈ ಐದೂ ನೆಲೆಗಳು ಮುಖದ ಒಳಗೇ ಇವೆ. ದಿವ್ಯಗಂಧದ ಮಾತನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಬಿಗಿದ ಮೂಗಿನಿಂದ, ಒತ್ತಿದ ನಾಲಗೆಯಿಂದ ಇಂಥ ಸೂಕ್ಷ್ಮವನ್ನು ಅರಿಯಲಾಗದು ಎಂಬುದನ್ನು ಮಾತ್ರ ಯಾರಾದರೂ ಮಾಡಿ ನೋಡಬಹುದು.

ಸಾಂಖ್ಯದವರು ಗಂಧವನ್ನು ಪೃಥ್ವಿಯ ಗುಣವೆಂದರು. ಮೊದಲ ಮಳೆಗೆ ಎರಿ ಮಣ್ಣು ಬಿಡುವ ವಾಸನೆಯನ್ನು ಕಂಡ ನಮ್ಮ ರೈತರಿಗೆ ಇದು ಶಾಸ್ತ್ರವೆನಿಸುವುದೇ ಇಲ್ಲ, ಕಣ್ಣೆದುರಿನ ಸಂಗತಿ. ಆ ವಾಸನೆಯ ಮುಖ್ಯ ಭಾಗ ಜಿಯೋಸ್ಮಿನ್ ಎಂಬ ಸಂಯುಕ್ತದ್ದು, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಗಾಳಿಯಲ್ಲಿ ಅತಿ ಅತಿ ಕಡಿಮೆ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ.

ನಮ್ಮದೇ ನೆಲದ ಶರಣರು ಈ ವಿಚಾರವನ್ನು ಇನ್ನೊಂದು ಮಜಲಿಗೆ ಒಯ್ದರು. ಬಸವಣ್ಣನವರ ಕೂಡಲಸಂಗಮವೂ ಬಾದಾಮಿ ಇರುವ ಬಾಗಲಕೋಟೆ ಜಿಲ್ಲೆಯದೇ. ವೀರಶೈವ ಷಟ್‌ಸ್ಥಲದ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಭಕ್ತಸ್ಥಲ. ಅದಕ್ಕೆ ಸೇರಿದ ಭೂತ ಪೃಥ್ವಿ, ಇಂದ್ರಿಯ ಘ್ರಾಣ, ವಿಷಯ ಗಂಧ, ಲಿಂಗ ಆಚಾರಲಿಂಗ. ನಾಲಗೆಯ ರುಚಿ ಗುರುಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ, ಹೀಗೆ ಮುಂದುವರಿಯುತ್ತದೆ. ಸಾಧನೆ ಮೂಗಿನಿಂದ ಆರಂಭವಾಗುತ್ತದೆ ಎಂಬುದು ಗಮನಿಸಬೇಕಾದ ಮಾತು. ಇಂದ್ರಿಯವನ್ನು ಮುಚ್ಚಿಬಿಡು ಎಂದು ಅವರು ಹೇಳಲಿಲ್ಲ. ಬಂದ ಗಂಧವನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸು ಎಂದರು. ಪ್ರಸಾದವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಉಸಿರನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ನನಗೆ ಬೇರೆಲ್ಲೂ ಕಂಡಿಲ್ಲ.

ಈ ಪಾಠ ಪುಸ್ತಕದಲ್ಲಿ ಉಳಿದುಹೋದದ್ದೇನೂ ಅಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದರು. ಮಠಗಳಿಗೆ ಮುಂದೆ ಸ್ವಾಮಿಗಳಾಗಬೇಕಾದ ವಟುಗಳಿಗೆ ಸಂಸ್ಕೃತ, ವಚನ, ಸಂಗೀತದ ಜೊತೆ ಯೋಗಾಭ್ಯಾಸವನ್ನೂ ಇಷ್ಟಲಿಂಗ ಪೂಜೆಯನ್ನೂ ಅಲ್ಲಿ ಕಲಿಸಿದರು. ಗೋಶಾಲೆಯ ಸೆಗಣಿಯಿಂದ ತಯಾರಾಗುವ ಅಲ್ಲಿನ ವಿಭೂತಿಗೆ ನಾಡಿನಾದ್ಯಂತ ಹೆಸರಿದೆ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ರೆಪ್ಪೆ ಬಡಿಯದೆ ದಿಟ್ಟಿಸುವ ಅಭ್ಯಾಸ ಶಿವಯೋಗದ ತಿರುಳು. ಹುಬ್ಬು ಗಂಟಿಕ್ಕಿಕೊಂಡು ಹಾಗೆ ಬಹಳ ಹೊತ್ತು ದಿಟ್ಟಿಸಲು ಆಗದು. ಕಣ್ಣಿನ ಸುತ್ತಲಿನ ಬಿಗಿತ ಬಿಟ್ಟವನಿಗೆ ಮಾತ್ರ ನೋಟ ನಿಲ್ಲುತ್ತದೆ.

ಮುಖದ ವಿಶ್ರಾಂತಿಯನ್ನು ನಮ್ಮ ಕಾಲಕ್ಕೆ ಅತ್ಯಂತ ಕರಾರುವಾಕ್ಕಾಗಿ ಕಲಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಗುರು ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತು, 1936ರಲ್ಲಿ ಅವರ ಜೊತೆ ನಮ್ಮ ಉತ್ತರ ಕರ್ನಾಟಕಕ್ಕೆ ಬಂದರು. ಧಾರವಾಡದಲ್ಲಿ ಹೆಣ್ಣುಮಕ್ಕಳು ಯೋಗ ಕಲಿಯಬೇಕೆಂದಾಗ ಶಿಷ್ಯರಲ್ಲೇ ಚಿಕ್ಕವರಾಗಿದ್ದ ಅವರಿಗೆ ಆ ಹೊಣೆ ಬಂತು. ಅವರ ಬೋಧಕ ಜೀವನದ ಮೊದಲ ಹೆಜ್ಜೆಗಳು ಈ ಸೀಮೆಯಲ್ಲಿಯೇ ಬಿದ್ದವು. ಮರುವರ್ಷ ಅವರು ಪುಣೆಗೆ ಹೋದರು. 1966ರಲ್ಲಿ ಬಂದ ಅವರ 'ಲೈಟ್ ಆನ್ ಯೋಗ' ಪುಸ್ತಕದಲ್ಲಿ ಶವಾಸನದ ವಿವರ ಓದಬೇಕು. ಕೆಳದವಡೆ ಕಚ್ಚಿರಬಾರದು, ನಾಲಗೆ ಅಲುಗಬಾರದು, ಕಣ್ಣಾಲಿಗಳೂ ಸುಮ್ಮನಿರಬೇಕು, ಹೊರಹೋಗುವ ಉಸಿರು ಎಷ್ಟು ನವಿರಾಗಿರಬೇಕೆಂದರೆ ಅದರ ಬಿಸುಪು ಹೊಳ್ಳೆಗಳಿಗೆ ತಿಳಿಯಬಾರದು ಎನ್ನುವುದು ಅವರ ಸೂಚನೆಗಳ ಸಾರ. ಈ ಕೊನೆಯ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉಸಿರು ಸಡಿಲಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ, ಹೊಳ್ಳೆಯ ಚರ್ಮವೇ ಅಳತೆಗೋಲು.

ನಾಲಗೆಯ ವಿಶ್ರಾಂತಿಗೆ ಅಯ್ಯಂಗಾರ್ ಕೊಟ್ಟ ಒತ್ತಿಗೆ ಬೇರೆ ದಿಕ್ಕಿನಿಂದಲೂ ಬೆಂಬಲವಿದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಸ್ನಾಯು ವಿಶ್ರಾಂತಿಯ ಕುರಿತ ತಮ್ಮ ಪುಸ್ತಕ ಪ್ರಕಟಿಸಿದರು. ಮನಸ್ಸಿನಲ್ಲೇ ಮಾತಾಡಿಕೊಳ್ಳುವಾಗ ನಾಲಗೆ, ತುಟಿಗಳ ಸ್ನಾಯುಗಳಲ್ಲಿ, ಏನನ್ನಾದರೂ ಕಲ್ಪಿಸಿಕೊಳ್ಳುವಾಗ ಕಣ್ಣಿನ ಸ್ನಾಯುಗಳಲ್ಲಿ ಸಣ್ಣ ಚಲನೆ ಇರುತ್ತದೆಂದು ಅವರ ಪ್ರಯೋಗಗಳು ತೋರಿಸಿದವು. ಮೈ ಮಲಗಿದರೂ ಮನಸ್ಸು ಮಾತಾಡುತ್ತಲೇ ಇರುವವರು ನಾಲಗೆಯನ್ನು ಅಂಗುಳಿನಿಂದ ಬಿಡಿಸಿ ಕೆಳಗೆ ಮಲಗಿಸಿ ನೋಡಬೇಕು.

ಶವಾಸನ ಹೇಳಿಕೊಡುವವರು ಮಕ್ಕಳನ್ನು ಒಮ್ಮೆ ಬಾದಾಮಿಯ ನಾಲ್ಕನೆಯ ಗುಹೆಗೆ ಕರೆದೊಯ್ಯಬೇಕು. ಅಲ್ಲಿ ನಿಂತಿರುವ ಬಾಹುಬಲಿ ಶ್ರವಣಬೆಳಗೊಳದ ಮೂರ್ತಿಗಿಂತ ಶತಮಾನಗಳಷ್ಟು ಹಳೆಯವನು. ಕೈಕಾಲಿಗೆ ಬಳ್ಳಿ ಸುತ್ತಿದೆ, ಪಾದದ ಬಳಿ ಹಾವುಗಳಿವೆ. ಮುಖದಲ್ಲಿ ಮಾತ್ರ ಯಾವ ಪ್ರಯಾಸವೂ ಇಲ್ಲ. ಜೈನರು ಈ ನಿಲುವಿಗೆ ಕಾಯೋತ್ಸರ್ಗ ಎನ್ನುತ್ತಾರೆ. ತಪಸ್ಸಿನ ಕಷ್ಟವನ್ನೆಲ್ಲ ಮೈಯ ಮೇಲೆ ತೋರಿಸಿ ಮುಖವನ್ನು ಅದರಿಂದ ಬಿಡಿಸಿಟ್ಟ ಆ ಶಿಲ್ಪಿಗೆ ಯೋಗದ ಮರ್ಮ ಗೊತ್ತಿತ್ತು.

ಈಗ ಮಾಡುವ ಬಗೆ. ಚಾಪೆಯ ಮೇಲೆ ಅಂಗಾತ ಮಲಗಿ, ತಲೆಯ ಕೆಳಗೆ ಮಡಚಿದ ಕಂಬಳಿ ಇಡಿ, ಗದ್ದ ಮೇಲಕ್ಕೆ ಎತ್ತಿರಬಾರದು. ಮೊದಲು ಉಸಿರಿನ ಗೊಡವೆ ಬೇಡ. ಮೂಗಿನ ಎರಡು ಬದಿಯ ಚರ್ಮ ಕೆನ್ನೆಯ ಕಡೆಗೆ ಹರಡಿ ಇಳಿಯಲು ಬಿಡಿ. ಮೇಲ್ದುಟಿ ತಾನಾಗಿ ಮೆದುವಾಗುತ್ತದೆ. ಆಮೇಲೆ ಮೂಗಿನ ಬುಡ, ಅಂದರೆ ಹುಬ್ಬುಗಳ ನಡು. ಅಲ್ಲಿಂದ ಹಣೆಯ ಚರ್ಮ ಎರಡೂ ಕಿವಿಗಳ ಕಡೆ ಸರಿಯುವಂತೆ ಭಾವಿಸಿ. ಹಲ್ಲುಗಳ ನಡುವೆ ಚೂರು ಅಂತರವಿರಲಿ, ತುಟಿ ಮುಚ್ಚಿರಲಿ. ಇಷ್ಟಾದಾಗ ಮುಖ ನೊಗ ಇಳಿಸಿದ ಎತ್ತಿನ ಹೆಗಲಿನಂತೆ ಹಗುರಾಗುತ್ತದೆ. ಈಗ ಗಾಳಿಯಲ್ಲಿ ಏನು ವಾಸನೆ ಇದೆ ಎಂದು ಕೇಳಿಕೊಳ್ಳಿ. ಮೂಸಬೇಡಿ. ಮೂಸುವುದು ಹುಡುಕಾಟ, ಅದು ಮತ್ತೆ ಮುಖವನ್ನು ಬಿಗಿಯುತ್ತದೆ. ಸಾರಿಸಿದ ನೆಲ, ಮಡಿಕೆಯ ನೀರು, ಅಂಗಳದ ತುಳಸಿ, ಏನಿದ್ದರೂ ಅದು ಬರುವಷ್ಟೇ ಉಸಿರು ಸಾಕು. ಸ್ವಲ್ಪ ಹೊತ್ತಿಗೆ ವಾಸನೆ ಮಾಸುತ್ತದೆ, ಮೂಗು ಅದಕ್ಕೆ ಒಗ್ಗಿಹೋಗುವುದು ಸಹಜ. ಆಗ ಹೊಳ್ಳೆಯ ತಂಪಿನ ಮೇಲೆ ಗಮನ ನಿಲ್ಲಿಸಿ. ಒಂದು ಹೊಳ್ಳೆಯಲ್ಲಿ ಗಾಳಿ ಕಡಿಮೆ ಅನಿಸಿದರೆ ಗಾಬರಿ ಬೇಡ. ಎರಡೂ ಹೊಳ್ಳೆಗಳ ಒಳಪೊರೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಲ್ಲಿ ದಪ್ಪವಾಗುತ್ತ ತೆಳುವಾಗುತ್ತ ಇರುತ್ತವೆ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ ಇದನ್ನು 1895ರಲ್ಲಿ ವಿವರಿಸಿದರು. ಹೊಳ್ಳೆಗಳ ಉಸಿರಿನ ಸರದಿಯನ್ನು ಗಮನಿಸುವ ನಮ್ಮ ಸ್ವರಶಾಸ್ತ್ರದವರಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು.

ಮಲಗಿ ಮಾಡಲಾಗದವರು ಕುಳಿತು ಭ್ರಾಮರಿ ಮಾಡಬಹುದು. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಮೆಲ್ಲಗೆ ದುಂಬಿಯ ದನಿ ಹೊರಡಿಸಿದರೆ ಮೂಗಿನ ಸುತ್ತಲಿನ ಎಲುಬಿನ ಗೂಡುಗಳು ಕಂಪಿಸುತ್ತವೆ. ಹೀಗೆ ಗುಂಯ್‌ಗುಟ್ಟುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚಿರುವುದನ್ನು ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ಅಳೆದರು. ಗೂಡುಗಳ ಗಾಳಿ ಚೆನ್ನಾಗಿ ಬದಲಾಗುತ್ತಿದೆ ಎಂಬುದರ ಗುರುತು ಅದು.

ಕೆಲವು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚಿಕೊಂಡು ಪ್ರಾಣಾಯಾಮ ಮಾಡುವ ರೂಢಿ ಬಿಡಬೇಕು. ಪರಿಮಳ ಎಷ್ಟೇ ಹಿತವಾಗಿದ್ದರೂ ಅದು ಹೊಗೆ, ದೀರ್ಘ ಉಸಿರಿನೊಂದಿಗೆ ಎದೆಯ ಆಳಕ್ಕೆ ಹೋಗುತ್ತದೆ. ಸುಗಂಧ ಬೇಕಿದ್ದರೆ ನಾಲ್ಕು ಮಲ್ಲಿಗೆ ಹೂ ಸಾಕು. ಹೆದ್ದಾರಿಯ ಪಕ್ಕದ ಬಯಲಿನಲ್ಲಿ, ಲಾರಿಗಳ ಓಡಾಟದ ಹೊತ್ತಿನಲ್ಲಿ ಭಸ್ತ್ರಿಕೆ, ಕಪಾಲಭಾತಿ ಬೇಡ. ಜಲನೇತಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಕೆರೆ, ಬಾವಿ, ನಳದ ನೀರನ್ನು ಹಾಗೇ ಮೂಗಿಗೆ ಏರಿಸಿದರೆ ಅಪರೂಪಕ್ಕಾದರೂ ಮಿದುಳಿಗೆ ಹತ್ತುವ ಪ್ರಾಣಾಂತಕ ಅಮೀಬಾ ಸೋಂಕಿನ ಅಪಾಯವಿದೆ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಯೋಗಕ್ಕೆ ಕೂರಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.

ಕೋವಿಡ್ ನಂತರ ವಾಸನೆ ಕಳೆದುಕೊಂಡವರು, ಅಥವಾ ಅರ್ಧಮರ್ಧ ಮರಳಿ ಪಡೆದವರು ನಮ್ಮ ಊರುಗಳಲ್ಲೂ ಇದ್ದಾರೆ. ಒಗ್ಗರಣೆ ಸೀದದ್ದು, ಗ್ಯಾಸ್ ಸೋರಿದ್ದು ತಿಳಿಯದ ಈ ತೊಂದರೆ ಚಿಕ್ಕದಲ್ಲ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಅವರ ತಂಡ ಕೋವಿಡ್‌ಗೂ ಮೊದಲೇ, 2009ರಲ್ಲಿ, ಬೇರೆ ಕಾರಣಗಳಿಂದ ವಾಸನೆ ಕಳೆದುಕೊಂಡವರಿಗೆ ಒಂದು ಸರಳ ಅಭ್ಯಾಸವನ್ನು ಪರೀಕ್ಷಿಸಿತು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಬಾರಿಯಂತೆ 12 ವಾರ ಮೂಸಿದವರಲ್ಲಿ ಹಲವರಿಗೆ ಸುಧಾರಣೆ ಕಂಡಿತು. ಎಲ್ಲರಿಗೂ ಫಲ ಸಿಗುವುದಿಲ್ಲ, ಆದರೆ ಖರ್ಚಿಲ್ಲ, ಅಪಾಯವಿಲ್ಲ. ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿದ ಮೇಲೆ ಇದನ್ನು ಬೆಳಗಿನ ಯೋಗದ ಜೊತೆ ಸೇರಿಸಿಕೊಳ್ಳಬಹುದು.

ಶಾಲೆಗಳಲ್ಲಿ ಯೋಗ ಕಲಿಸುವ ಶಿಕ್ಷಕರಲ್ಲಿ ಒಂದು ವಿನಂತಿ. ಜೂನ್ 21ರ ಯೋಗ ದಿನಾಚರಣೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಯಾರು ಮಾಡುವಾಗ ಕಾಲಿನ ಅಂತರ, ಕೈಯ ಎತ್ತರದ ಜೊತೆಗೆ ಅವರ ಮುಖಗಳನ್ನೂ ನೋಡುತ್ತ ಹೋಗಿ. "ಮಾರಿ ಬಿಗಿ ಹಿಡೀಬ್ಯಾಡ್ರಿ, ಮೂಗು ಸಡಿಲ ಬಿಡ್ರಿ" ಎಂದು ಹೇಳಿ. ಕಾರ್ಯಕ್ರಮ ತಡವಾಯಿತೆಂದು ಕೊನೆಯ ಶವಾಸನವನ್ನು ಕೈಬಿಡಬೇಡಿ. ಬೇಕಾದರೆ ಭಾಷಣ ಒಂದು ಕಡಿಮೆ ಮಾಡಿ, ಆ ಐದು ನಿಮಿಷ ಮಕ್ಕಳಿಗೆ ಕೊಡಿ.